ನನ್ನಿಂದಾಗದು ಎಂದ ವೆಂಕಟನಾಥರು

ಆದವಾನಿ ಸೀಮೆಯ ಕನ್ನಡಿಗರಾದ ನಮಗೆ ಮಂಚಾಲೆ ದೂರದ ಯಾತ್ರಾಸ್ಥಳವಲ್ಲ, ನೆರೆಯೂರು. ಬೆಳೆ ಕೈಗೆ ಬಂದರೂ ಹೋಗುತ್ತೇವೆ, ಬಾರದಿದ್ದರೂ ಹೋಗುತ್ತೇವೆ. ಗಂಡುಮಗು ಹುಟ್ಟಿದರೆ ಗುರುರಾಜನೆಂದೋ ರಾಘವೇಂದ್ರನೆಂದೋ ಹೆಸರಿಡುತ್ತೇವೆ. ಗುರುವಾರ ಬಂತೆಂದರೆ ಒಪ್ಪೊತ್ತು ಮಾಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅವು ಒಂದೇ ಜಾತಿಯ ಮನೆಗಳೂ ಅಲ್ಲ. ಹೀಗಾಗಿ ರಾಯರೆಂದರೆ ಬೇಡಿದ್ದನ್ನು ಕೊಡುವ ಕಾಮಧೇನು, ಕಲ್ಪವೃಕ್ಷ ಎಂಬ ಭಾವನೆ ನಮಗೆ ಹುಟ್ಟಿನೊಂದಿಗೇ ಬಂದಿದೆ. ಕೊಡುವವರ ಬಳಿ ಇಲ್ಲದ್ದೇನು ಎಂದುಕೊಂಡು ಬೇಡುತ್ತೇವೆ.

ಆ ರಾಯರೇ ಒಮ್ಮೆ ತಮ್ಮ ಗುರುಗಳ ಎದುರು ಕೈಮುಗಿದು ನಿಂತು, ಈ ಭಾರ ನನ್ನಿಂದ ಹೊರಲಾಗದು ಎಂದು ಅರಿಕೆ ಮಾಡಿಕೊಂಡಿದ್ದರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಉತ್ಸವ ಸಮಿತಿಯವರು ಈ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದಾಗ ಆ ಪ್ರಸಂಗವನ್ನೇ ಬರೆಯಬೇಕೆನಿಸಿತು. ರಾಯರ ಸೋದರಳಿಯರಾದ ನಾರಾಯಣಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಶ್ರೀ ರಾಘವೇಂದ್ರ ವಿಜಯ’ ಈ ಚರಿತ್ರೆಗೆ ಮುಖ್ಯ ಆಧಾರ. ಮಠದ ಪರಂಪರೆ ಮತ್ತು ನಮ್ಮ ಹಿರಿಯರ ಬಾಯಲ್ಲಿ ಉಳಿದ ಕಥೆಗಳು ಅದರ ಜೊತೆಗೆ ಸೇರಿಕೊಂಡಿವೆ. ಕೇಳಿದ ಕಥೆಯನ್ನು ಕಥೆಯೆಂದೇ ಇಲ್ಲಿ ಹೇಳಿದ್ದೇನೆ. ಭಕ್ತಿಗೆ ಅದರಿಂದ ಕೊರತೆಯಿಲ್ಲ.

ರಾಯರ ಪೂರ್ವಾಶ್ರಮದ ಹೆಸರು ವೆಂಕಟನಾಥ. ಅವರ ಮನೆತನ ವೀಣಾ ವಿದ್ವಾಂಸರದು. ಮುತ್ತಾತ ಕೃಷ್ಣಭಟ್ಟರು ವಿಜಯನಗರದ ಕೃಷ್ಣದೇವರಾಯನ ಆಸ್ಥಾನದಲ್ಲಿ ವೈಣಿಕರಾಗಿದ್ದವರು. ಅವರ ಮಗ ಕನಕಾಚಲ ಭಟ್ಟರು, ಮೊಮ್ಮಗ ತಿಮ್ಮಣ್ಣಭಟ್ಟರು. 1565ರ ಯುದ್ಧದಲ್ಲಿ ವಿಜಯನಗರ ಹಾಳಾದ ಮೇಲೆ ಹಂಪೆಯ ಆಶ್ರಯವನ್ನು ನಂಬಿದ್ದ ವಿದ್ವಾಂಸರು, ಕಲಾವಿದರು ದಿಕ್ಕುಪಾಲಾದರು. ಅವರಲ್ಲಿ ಅನೇಕರು ತಂಜಾವೂರು, ಮಧುರೆಯ ನಾಯಕರ ರಾಜ್ಯಗಳಿಗೆ ಹೋಗಿ ನೆಲೆಸಿದರು. ತಿಮ್ಮಣ್ಣಭಟ್ಟರೂ ಹೆಂಡತಿ ಗೋಪಿಕಾಂಬೆಯೊಡನೆ ತಮಿಳು ನಾಡಿಗೆ ಹೋದರು. ಅಲ್ಲಿಯ ಭುವನಗಿರಿಯಲ್ಲಿ 1595ರಲ್ಲಿ ವೆಂಕಟನಾಥರ ಜನನ. ಗಡಿಯಾಚೆ ಕನ್ನಡ ಮನೆಮಾತಾಗಿ ಬೆಳೆಯುವುದು ಏನೆಂಬುದು ನಮಗೆ ಗೊತ್ತು. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಜಿಲ್ಲೆಯವರಾಗಿದ್ದ ನಾವು ಮರುದಿನ ಆಂಧ್ರದವರಾದೆವು. ವೆಂಕಟನಾಥರು ಅದನ್ನು ನಮಗಿಂತ ಮುನ್ನೂರೈವತ್ತು ವರ್ಷ ಮೊದಲೇ ಕಂಡವರು.

ತಂದೆ ಬೇಗ ತೀರಿಕೊಂಡರು. ಅಣ್ಣ ಗುರುರಾಜರು ಮನೆಯ ಭಾರ ಹೊತ್ತರು. ಮಧುರೆಯಲ್ಲಿದ್ದ ಭಾವ ಲಕ್ಷ್ಮೀನರಸಿಂಹಾಚಾರ್ಯರಲ್ಲಿ ಮೊದಲ ಪಾಠ. ಆಮೇಲೆ ಸರಸ್ವತಿಯೆಂಬ ಕನ್ಯೆಯೊಡನೆ ಮದುವೆಯಾಯಿತು. ಮುಂದಿನ ವಿದ್ಯಾಭ್ಯಾಸಕ್ಕೆ ಕುಂಭಕೋಣದಲ್ಲಿದ್ದ ಶ್ರೀ ಸುಧೀಂದ್ರತೀರ್ಥರ ಬಳಿಗೆ ಹೋದರು. ಅಲ್ಲಿಯ ಒಂದು ಪ್ರಸಂಗ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸಹಪಾಠಿಗಳು ಈತ ರಾತ್ರಿ ಓದುವುದಿಲ್ಲ, ಮಲಗಿಬಿಡುತ್ತಾನೆ ಎಂದು ಗುರುಗಳಲ್ಲಿ ಚಾಡಿ ಹೇಳಿದರಂತೆ. ಗುರುಗಳು ನಡುರಾತ್ರಿ ಬಂದು ನೋಡಿದರೆ ವೆಂಕಟನಾಥರು ಚಳಿಯಲ್ಲಿ ಬರಿನೆಲದ ಮೇಲೆ ನಿದ್ದೆ ಹೋಗಿದ್ದಾರೆ, ಪಕ್ಕದಲ್ಲಿ ಓಲೆಗರಿಗಳ ಕಟ್ಟು. ತೆಗೆದು ನೋಡಿದರೆ ಜಯತೀರ್ಥರ ‘ನ್ಯಾಯಸುಧೆ’ಗೆ ಬರೆದ ವ್ಯಾಖ್ಯಾನ, ತಾವು ಪಾಠದಲ್ಲಿ ನಾಳೆ ಬಿಡಿಸಬೇಕೆಂದಿದ್ದ ಗಂಟುಗಳನ್ನು ಶಿಷ್ಯ ಆಗಲೇ ಬಿಡಿಸಿಟ್ಟಿದ್ದಾನೆ. ಗುರುಗಳು ಮಾತಿಲ್ಲದೆ ತಾವು ಹೊದ್ದಿದ್ದ ಶಾಲನ್ನು ಅವರ ಮೇಲೆ ಹೊದಿಸಿ, ಆ ಓಲೆಗಳನ್ನು ಎತ್ತಿಕೊಂಡು ಹೋದರು. ಆ ವ್ಯಾಖ್ಯಾನಕ್ಕೆ ‘ಪರಿಮಳ’ವೆಂಬ ಹೆಸರು ಬಂತು, ಬರೆದವರಿಗೆ ಪರಿಮಳಾಚಾರ್ಯರೆಂಬ ಬಿರುದು ಬಂತು. ಬೆಳಗ್ಗೆ ಎದ್ದ ಶಿಷ್ಯರು ಮಾತ್ರ ಗುರುಗಳ ಶಾಲು ತಮ್ಮ ಮೈಮೇಲಿದೆಯಲ್ಲಾ ಎಂದು ನಡುಗಿದರಂತೆ. ಅವರ ಯೋಗ್ಯತೆ ಗುರುಗಳಿಗೆ ಕಂಡಷ್ಟು ಅವರಿಗೇ ಕಂಡಿರಲಿಲ್ಲ.

ವಿದ್ಯೆ ಮುಗಿಯಿತು, ಬಡತನ ಮುಗಿಯಲಿಲ್ಲ. ಸಂಸಾರ ಹೂಡಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಕೈಯೊಡ್ಡಿ ಹಣ ಕೇಳುತ್ತಿರಲಿಲ್ಲ. ಏಕಾದಶಿಯಲ್ಲದ ದಿನವೂ ಉಪವಾಸ ಬೀಳುತ್ತಿತ್ತು ಎಂದು ಚರಿತ್ರೆ ಹೇಳುತ್ತದೆ. ಒಂದು ಸಮಾರಾಧನೆಗೆ ಹೋದಾಗ ಮನೆಯವರು ಈ ಬಡ ಬ್ರಾಹ್ಮಣನಿಗೆ ಗಂಧ ತೇಯುವ ಕೆಲಸ ಹಚ್ಚಿದರು; ಅಗ್ನಿಸೂಕ್ತ ಹೇಳಿಕೊಂಡು ತೇಯ್ದ ಗಂಧ ಹಚ್ಚಿಕೊಂಡವರಿಗೆಲ್ಲ ಮೈ ಉರಿ ಹತ್ತಿತು. ಈ ಕಥೆಯಲ್ಲಿ ನಾವು ಉರಿಯನ್ನು ನೆನೆಯುತ್ತೇವೆ. ‘ಪರಿಮಳ’ ಬರೆದ ವಿದ್ವಾಂಸ ಊಟದ ಮನೆಯಲ್ಲಿ ಗಂಧ ತೇಯಲು ಕೂತಿದ್ದನ್ನೂ ನೆನೆಯಬೇಕು. ಸರಸ್ವತಿ, ಮಗ ಲಕ್ಷ್ಮೀನಾರಾಯಣ, ಮನೆಯಲ್ಲಿ ಅರೆಹೊಟ್ಟೆ – ಇದು ಆಗಿನ ವೆಂಕಟನಾಥರ ಪ್ರಪಂಚ. ಕೊನೆಗೆ ಸಂಸಾರಸಮೇತ ಕುಂಭಕೋಣಕ್ಕೆ, ಗುರುಗಳ ಮಠಕ್ಕೇ ಬಂದು ಸೇರಿದರು.

ಆ ಮಠದ ಪೀಠವೆಂದರೆ ಏನು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತಿನ ತೂಕ ತಿಳಿದೀತು. ಸುಧೀಂದ್ರರಿಗಿಂತ ಹಿಂದೆ ಅದರಲ್ಲಿ ಕುಳಿತವರು ಶ್ರೀ ವಿಜಯೀಂದ್ರತೀರ್ಥರು. ಅರವತ್ತನಾಲ್ಕು ಕಲೆಗಳನ್ನೂ ಬಲ್ಲವರು, 104 ಗ್ರಂಥಗಳನ್ನು ರಚಿಸಿದವರು ಎಂದು ಪ್ರಸಿದ್ಧಿ. ಅಂಥವರು ಕುಳಿತ ಜಾಗ ಅದು. ದಿನವೂ ಮೂಲರಾಮದೇವರ ಪೂಜೆ ನಡೆಯಬೇಕು, ಒಂದು ದಿನವೂ ತಪ್ಪುವಂತಿಲ್ಲ. ಶಿಷ್ಯರಿಗೆ ಪಾಠ ಹೇಳಬೇಕು. ಪರವಾದಿಗಳು ಎದುರಾದರೆ ಸಭೆಯಲ್ಲಿ ಉತ್ತರ ಕೊಡಬೇಕು. ರಾಜಾಶ್ರಯ ಇವತ್ತಿದ್ದರೆ ನಾಳೆ ಇಲ್ಲದ ಕಾಲ. ಗ್ರಂಥಭಂಡಾರ, ಒಡವೆ, ಪರಿವಾರವನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚಾರ ಮಾಡಬೇಕು, ಅಷ್ಟು ಜನರ ಅನ್ನದ ವ್ಯವಸ್ಥೆಯೂ ನೋಡಬೇಕು. ಎಲ್ಲಕ್ಕಿಂತ ಮೊದಲು ಸನ್ನ್ಯಾಸ ಸ್ವೀಕರಿಸಬೇಕು.

ಸುಧೀಂದ್ರರಿಗೆ ಒಮ್ಮೆ ದೇಹಸ್ಥಿತಿ ತೀರ ಕೆಟ್ಟಾಗ ಪೂಜೆ ನಿಲ್ಲಬಾರದೆಂದು ಯಾದವೇಂದ್ರತೀರ್ಥರಿಗೆ ಆಶ್ರಮ ಕೊಟ್ಟಿದ್ದರು. ಆಮೇಲೆ ಗುಣವಾಯಿತು. ಯಾದವೇಂದ್ರರು ಸಂಚಾರಕ್ಕೆ ಹೊರಟುಹೋದರು. ಮತ್ತೆ ಕಾಯಿಲೆ ಮರಳಿದಾಗ, ನಿನ್ನ ನಂತರ ವೆಂಕಟನಾಥನೇ ಎಂದು ಮೂಲರಾಮನಿಂದ ಸ್ವಪ್ನದಲ್ಲಿ ಸೂಚನೆಯಾಯಿತಂತೆ. ಗುರುಗಳು ಶಿಷ್ಯರನ್ನು ಕರೆದು ವಿಷಯ ತಿಳಿಸಿದರು.

ವೆಂಕಟನಾಥರು ಒಪ್ಪಲಿಲ್ಲ. ಹೆಂಡತಿ ಇನ್ನೂ ಚಿಕ್ಕವಳು. ಮಗನಿಗೆ ಉಪನಯನವೂ ಆಗಿಲ್ಲ. ತಾನು ಸಂಸಾರದ ಅನುಭವವೇ ಪೂರ್ಣವಿಲ್ಲದ ಎಳೆಯ. ಪೀಠದ ಭಾರ, ಸನ್ನ್ಯಾಸದ ನಿಯಮ ಎರಡೂ ತನಗೆ ಮೀರಿದವು. ಅವರು ಹೇಳಿದ ಕಾರಣಗಳ ಸಾರ ಇಷ್ಟು. ಗುರುಗಳಿಗೆ ಎದುರಾಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ; ಆದರೂ ಹೇಳಿದರು.

ಪ್ರವಚನಗಳಲ್ಲಿ ಈ ಭಾಗವನ್ನು ಬೇಗ ದಾಟಿಬಿಡುವ ರೂಢಿ ಇದೆ. ಅದು ವಿನಯಕ್ಕಾಗಿ ಆಡಿದ ಮಾತು, ಲೋಕಕ್ಕೆ ತೋರಿಸಲು ನಡೆಸಿದ ಲೀಲೆ ಎನ್ನುವವರೂ ಇದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅವರು ಕೊಟ್ಟ ಒಂದೊಂದು ಕಾರಣವೂ ನಿಜವಾಗಿತ್ತು. ಹೆಂಡತಿ ಚಿಕ್ಕವಳಿದ್ದದ್ದು ನಿಜ, ಮಗು ಎಳೆಯದಿದ್ದದ್ದು ನಿಜ, ಭಾರ ದೊಡ್ಡದಿದ್ದದ್ದು ನಿಜ. ನಮ್ಮ ಊರುಗಳ ದೇವಸ್ಥಾನಗಳಲ್ಲಿ ವರ್ಷದ ಜವಾಬ್ದಾರಿ ಹಂಚುವ ದಿನವೂ ‘ನನ್ನಿಂದಾಗದು’ ಎಂಬ ಮಾತು ನಾಲ್ಕು ಮೂಲೆಯಿಂದ ಕೇಳಿಬರುತ್ತದೆ. ಅದರಲ್ಲಿ ಎಷ್ಟೋ ಸಲ ‘ಆಗದು’ ಎಂಬುದರ ಒಳಗೆ ‘ಒಲ್ಲೆ’ ಕುಳಿತಿರುತ್ತದೆ. ಲೆಕ್ಕ ಯಾರು ಬರೆಯಬೇಕು, ಬೈಸಿಕೊಳ್ಳುವುದು ಯಾಕೆ ಎಂಬ ಲೆಕ್ಕಾಚಾರ ಇರುತ್ತದೆ. ವೆಂಕಟನಾಥರ ‘ಆಗದು’ ಆ ಜಾತಿಯದಲ್ಲ. ತಾನು ಹೊರಟುಹೋದರೆ ಯಾರ ಗತಿ ಏನಾದೀತು ಎಂದು ಹೆಸರು ಹಿಡಿದು ಹೇಳಿದ ಮಾತು ಅದು. ಆದ್ದರಿಂದಲೇ ಇರಬೇಕು, ಗುರುಗಳೂ ಗದರಲಿಲ್ಲ, ಶಪಿಸಲಿಲ್ಲ. ಬಲವಂತ ಮಾಡದೆ ಬಿಟ್ಟರು.

ಮುಂದೆ ಮನಸ್ಸು ಬದಲಾದದ್ದು ಹೇಗೆ? ವಿದ್ಯಾದೇವತೆಯಾದ ಸರಸ್ವತಿ ಸ್ವಪ್ನದಲ್ಲಿ ಕಾಣಿಸಿಕೊಂಡು, ಈ ಕಾರ್ಯಕ್ಕೆ ನೀನೇ ಹುಟ್ಟಿದ್ದೀ ಎಂದು ತಿಳಿಸಿದಳು ಎಂದು ‘ವಿಜಯ’ ಹೇಳುತ್ತದೆ. ಗಮನಿಸಬೇಕಾದದ್ದೇನೆಂದರೆ ದೇವಿ ಬಂದು ಅವರ ತೊಡಕುಗಳಲ್ಲಿ ಒಂದನ್ನೂ ಬಿಡಿಸಲಿಲ್ಲ. ಹೆಂಡತಿ ಹಾಗೆಯೇ ಚಿಕ್ಕವಳು, ಮಗು ಹಾಗೆಯೇ ಎಳೆಯದು. ಎದ್ದ ಬೆಳಗ್ಗೆ ಶಕ್ತಿ ಹೆಚ್ಚಿತೆಂದೂ ಹೇಳಿಲ್ಲ. ಹೆಚ್ಚಿದ್ದು ನಂಬಿಕೆ ಒಂದೇ. ವೆಂಕಟನಾಥರು ಮೊದಲು ತಮ್ಮ ಕೈಲಾಗುವ ಕೆಲಸ ಮಾಡಿದರು: ಮಗನ ಉಪನಯನ ಮುಗಿಸಿದರು. ಆಮೇಲೆ ಗುರುಗಳ ಬಳಿಗೆ ಹೋಗಿ ಒಪ್ಪಿಕೊಂಡರು. 1621ರ ಫಾಲ್ಗುಣ ಶುದ್ಧ ಬಿದಿಗೆಯಂದು ತಂಜಾವೂರಿನಲ್ಲಿ, ರಘುನಾಥ ನಾಯಕನ ಆಶ್ರಯದಲ್ಲಿ ಸನ್ನ್ಯಾಸ, ಪಟ್ಟಾಭಿಷೇಕ ಎರಡೂ ನಡೆದವು. ವೆಂಕಟನಾಥರು ಶ್ರೀ ರಾಘವೇಂದ್ರತೀರ್ಥರಾದರು. ಇಂದಿಗೂ ಫಾಲ್ಗುಣದ ಆ ದಿನ ಮಂತ್ರಾಲಯದಲ್ಲಿ ಪಟ್ಟಾಭಿಷೇಕೋತ್ಸವ ನಡೆಯುತ್ತದೆ.

ಆದರೆ ಅದೇ ದಿನ ಇನ್ನೊಂದು ಸಂಗತಿಯೂ ನಡೆಯಿತು. ಸುದ್ದಿ ಮನೆಗೆ ಮುಟ್ಟಿದಾಗ ಸರಸ್ವತಿಬಾಯಿ ಗಂಡನ ಮುಖವನ್ನು ಒಮ್ಮೆ ನೋಡಬೇಕೆಂದು ಹುಚ್ಚಿಯಂತೆ ಓಡಿದರು. ದಾರಿಯಲ್ಲಿ ಹಾಳುಬಾವಿಗೆ ಬಿದ್ದು ಪ್ರಾಣಬಿಟ್ಟರು. ಅತೃಪ್ತಿಯಿಂದ ಪ್ರೇತವಾಗಿ ಬಂದು ನಿಂತ ಆಕೆಯನ್ನು ಗುರುಗಳು ಗುರುತಿಸಿ, ಕಮಂಡಲುವಿನ ನೀರು ಪ್ರೋಕ್ಷಿಸಿ ಸದ್ಗತಿ ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಇದನ್ನು ಬಿಟ್ಟು ಪಟ್ಟಾಭಿಷೇಕದ ವೈಭವವನ್ನಷ್ಟೇ ಬರೆಯುವುದು ನ್ಯಾಯವಲ್ಲ. ವೆಂಕಟನಾಥರು ‘ಆಗದು’ ಎಂದದ್ದು ಯಾರಿಗಾಗಿಯೋ ಆ ಜೀವವೇ ಬೆಲೆ ತೆತ್ತಿತು. ಅವರ ಭಯ ಸುಳ್ಳಾಗಿರಲಿಲ್ಲ. ದೇವರನ್ನು ನಂಬಿ ಹೊರಟವರಿಗೆ ನೋವಿಲ್ಲ, ನಷ್ಟವಿಲ್ಲ ಎಂದು ಯಾರಾದರೂ ಹೇಳಿದರೆ ಈ ಚರಿತ್ರೆ ಅದನ್ನು ಒಪ್ಪುವುದಿಲ್ಲ. ರಾಯರು ಮುಂದೆ ದುಃಖದಲ್ಲಿ ಬಂದವರಿಗೆ ಅಷ್ಟು ಬೇಗ ಕರಗಿದರಲ್ಲ, ಅದರ ಹಿಂದೆ ಆ ಹಾಳುಬಾವಿಯೂ ಇದ್ದೀತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸರಸ್ವತಿಬಾಯಿಯವರನ್ನು ನೆನೆದು ಕಣ್ಣೊರೆಸಿಕೊಳ್ಳುವ ತಾಯಂದಿರು ನಮ್ಮಲ್ಲಿ ಇಂದಿಗೂ ಇದ್ದಾರೆ.

ಎರಡು ವರ್ಷದಲ್ಲಿ, 1623ರಲ್ಲಿ ಸುಧೀಂದ್ರರು ವೃಂದಾವನಸ್ಥರಾದರು. ತುಂಗಭದ್ರೆಯ ನಡುಗಡ್ಡೆಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಅವರದೂ ಒಂದು. ಆಗ ಸಂಚಾರದಲ್ಲಿದ್ದ ಯಾದವೇಂದ್ರತೀರ್ಥರು ಮರಳಿ ಬಂದರು. ಅವರೂ ಸುಧೀಂದ್ರರಿಂದಲೇ ಆಶ್ರಮ ಪಡೆದವರು, ಹಿರಿಯರು. ರಾಯರು ಪೀಠವನ್ನು ಅವರಿಗೇ ಒಪ್ಪಿಸಲು ಸಿದ್ಧರಾದರಂತೆ. ಯಾದವೇಂದ್ರರು ಇವರ ಪಾಂಡಿತ್ಯ, ನಡತೆ ನೋಡಿ, ಇದು ನಿಮಗೇ ಸಲ್ಲತಕ್ಕದ್ದು ಎಂದು ಹೇಳಿ ಹೊರಟುಹೋದರು. ಮೊದಲು ಭಾರ ಬೇಡವೆಂದಾಗಲೂ, ಈಗ ಕೊಟ್ಟುಬಿಡುತ್ತೇನೆ ಎಂದಾಗಲೂ ಇದ್ದ ಮನಸ್ಸು ಒಂದೇ: ಇದು ನನ್ನ ಸೊತ್ತಲ್ಲ. ಪೀಠಕ್ಕಾಗಿ ಜಗಳವಾಡಿದ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಒಬ್ಬರು ಕೊಡುತ್ತೇನೆಂದು, ಇನ್ನೊಬ್ಬರು ಬೇಡವೆಂದು ಮುಗಿಸಿದ ಕಥೆ ಅಪರೂಪ.

ಆಮೇಲಿನದು ಐವತ್ತು ವರ್ಷಗಳ ದುಡಿಮೆ. ರಾಮೇಶ್ವರ, ಮಧುರೆ, ಉಡುಪಿ, ಕೊಲ್ಹಾಪುರ, ಪಂಢರಪುರ – ಕಾಲುನಡಿಗೆಯ ಕಾಲದಲ್ಲಿ ಇಷ್ಟು ದೂರದ ಸಂಚಾರ. ಟೀಕೆ, ಟಿಪ್ಪಣಿ, ಉಪನಿಷತ್ತುಗಳಿಗೆ ಖಂಡಾರ್ಥ, ಗೀತೆಗೆ ವಿವೃತಿ ಎಂದು ನಲವತ್ತಕ್ಕೂ ಹೆಚ್ಚು ಕೃತಿಗಳು. ಜೈಮಿನಿಯ ಮೀಮಾಂಸಾಸೂತ್ರಗಳ ಮೇಲೆ ಅವರು ಬರೆದ ‘ಭಾಟ್ಟಸಂಗ್ರಹ’ವನ್ನು ಮಧುರೆಯ ನೀಲಕಂಠ ದೀಕ್ಷಿತರು, ತಾವು ಅದ್ವೈತಿಗಳಾಗಿದ್ದರೂ, ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಿದರೆಂದು ಹೇಳುತ್ತಾರೆ. ‘ಧೀರ ವೇಣುಗೋಪಾಲ’ ಅಂಕಿತದ ಕನ್ನಡ ಪದವೂ ಒಂದು ಅವರ ಹೆಸರಿನಲ್ಲಿದೆ; ನಮ್ಮ ಭಜನಾ ಮಂಡಳಿಗಳಿಗೆ ನಲವತ್ತು ಸಂಸ್ಕೃತ ಗ್ರಂಥಗಳಿಗಿಂತ ಅದೊಂದೇ ಹತ್ತಿರ. ಇಷ್ಟೆಲ್ಲ ಮಾಡುವ ಶಕ್ತಿ 1621ಕ್ಕೆ ಮೊದಲು ಕುಂಭಕೋಣದ ಆ ಬಡ ಗೃಹಸ್ಥನಲ್ಲಿ ಇತ್ತೇ ಎಂದರೆ, ಬೀಜವಾಗಿ ಇತ್ತು. ಮರವಾದದ್ದು ಕೆಲಸ ಮಾಡುತ್ತ ಮಾಡುತ್ತ. ಭಾರ ಹೊತ್ತ ಮೇಲೆ ಹೆಗಲು ಗಟ್ಟಿಯಾಯಿತೇ ಹೊರತು, ಹೆಗಲು ಗಟ್ಟಿಯಾಗಲಿ ಆಮೇಲೆ ಹೊರುತ್ತೇನೆಂದು ಅವರು ಕಾದು ಕೂರಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ರಾಯರ ಕಡೆಗಾಲದಲ್ಲಿ ಆದವಾನಿ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಸಿದ್ದಿ ಮಸೂದ್ ಖಾನ್ ಇಲ್ಲಿಯ ನವಾಬ. ಊರಿನ ಜಾಮಿಯಾ ಮಸೀದಿ ಕಟ್ಟಿಸಿದವನು ಅವನೇ. ಮುಂದೆ ವಿಜಾಪುರದ ಆಡಳಿತವನ್ನೇ ಕೆಲಕಾಲ ವಹಿಸಿಕೊಂಡ ಸಾಮರ್ಥ್ಯವಂತ. ಅವನ ದಿವಾನ ವೆಂಕಣ್ಣನ ಕಥೆ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಗೊತ್ತು. ಹೇಳುವವರ ಬಾಯಲ್ಲಿ ಸ್ವಲ್ಪ ಬದಲಾಗುತ್ತದೆ, ಮುಖ್ಯ ಸಂಗತಿ ಬದಲಾಗುವುದಿಲ್ಲ.

ವೆಂಕಣ್ಣ ತಂದೆತಾಯಿ ಇಲ್ಲದ ಹುಡುಗ. ಸೋದರಮಾವನ ಮನೆಯಲ್ಲಿ ದನ ಕಾಯುತ್ತ ಬೆಳೆದವನು. ಓದು ಬರಹ ಕಲಿಸಿದವರಿಲ್ಲ. ರಾಯರು ಆ ದಾರಿಯಲ್ಲಿ ಬಂದಾಗ ತನ್ನ ಕಷ್ಟ ಹೇಳಿಕೊಂಡು ಅತ್ತ. ಆಪತ್ತು ಬಂದಾಗ ನಮ್ಮನ್ನು ನೆನೆ ಎಂದು ಮಂತ್ರಾಕ್ಷತೆ ಕೊಟ್ಟು ಅವರು ಮುಂದೆ ಹೋದರು. ಕೆಲವು ಕಾಲದ ಮೇಲೆ ನವಾಬ ಅದೇ ಊರಿನ ಮೇಲೆ ಹಾದು ಹೋಗುತ್ತಿದ್ದಾಗ ಅವನಿಗೊಂದು ಪತ್ರ ಬಂತು. ಓದುವವರು ಜೊತೆಗಿರಲಿಲ್ಲ. ಜನಿವಾರ ಹಾಕಿದ್ದ ವೆಂಕಣ್ಣನನ್ನು ಕಂಡು, ಬ್ರಾಹ್ಮಣರ ಹುಡುಗನಲ್ಲವೇ, ಓದು ಎಂದ. ನನಗೆ ಅಕ್ಷರ ಬಾರದು ಸ್ವಾಮಿ ಎಂದು ಹುಡುಗ ಕಾಲಿಗೆ ಬಿದ್ದರೂ ನವಾಬ ನಂಬಲಿಲ್ಲ. ಬೇಕೆಂದೇ ಸುಳ್ಳು ಹೇಳುತ್ತಾನೆಂದು ತಿಳಿದು ಪ್ರಾಣ ತೆಗೆಸುವ ಬೆದರಿಕೆ ಹಾಕಿದ. ವೆಂಕಣ್ಣ ಕಣ್ಣು ಮುಚ್ಚಿ ರಾಯರನ್ನು ನೆನೆದು, ಪತ್ರವನ್ನು ಹಣೆಗೆ ಒತ್ತಿಕೊಂಡು ಬಿಡಿಸಿದ. ಓದಿಬಿಟ್ಟ. ಅದರಲ್ಲಿದ್ದದ್ದು ಶುಭವಾರ್ತೆ. ಖುಷಿಯಾದ ನವಾಬ ಅವನನ್ನು ಆದವಾನಿಗೆ ಕರೆದುಕೊಂಡು ಹೋಗಿ ದಿವಾನಗಿರಿ ಕೊಟ್ಟ.

ಪತ್ರ ಓದಿದ್ದನ್ನು ನಾವು ಪವಾಡವೆನ್ನುತ್ತೇವೆ, ಸರಿಯೇ. ಆದರೆ ಪವಾಡ ಒಂದು ಗಳಿಗೆಯದು. ದಿವಾನಗಿರಿ ವರ್ಷಗಟ್ಟಲೆಯದು. ಸೀಮೆಯ ಕಂದಾಯ, ಕೋಟೆಯ ಖರ್ಚು, ಸೈನ್ಯದ ಸಂಬಳ, ಹಳ್ಳಿಗಳ ಶಾನುಭೋಗರ ಲೆಕ್ಕ, ತುಂಗಭದ್ರೆಯ ಈಚೆಗಿನ ತಕರಾರುಗಳೆಲ್ಲ ದಿವಾನನ ತಲೆಯ ಮೇಲೆ. ನಿನ್ನೆ ದನ ಕಾಯುತ್ತಿದ್ದವನಿಗೆ ಅದು ಎಷ್ಟು ದೊಡ್ಡ ಭಾರ! ಬೆಳೆದ ಮನೆಯವರೇ ನಕ್ಕಿರಬಹುದು. ವೆಂಕಣ್ಣ ಮಾತ್ರ ಓಡಿಹೋಗಲಿಲ್ಲ, ರಾಯರ ಮೇಲೆ ಭಾರ ಹಾಕಿ ಕೆಲಸ ಕಲಿತ. ಕಲಿಯದೆ ಅದನ್ನು ನಡೆಸಲು ಸಾಧ್ಯವೇ ಇರಲಿಲ್ಲ.

ರಾಯರು ಆದವಾನಿಗೆ ಬಂದಾಗ ನವಾಬ ಪರೀಕ್ಷೆಗೆಂದು ಮಾಂಸದ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಒಪ್ಪಿಸಿದ್ದು, ತೀರ್ಥ ಪ್ರೋಕ್ಷಿಸಿ ತೆಗೆದಾಗ ಅದು ಹಣ್ಣು ಹೂವಾಗಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಾಚಿದ ನವಾಬ ಒಳ್ಳೆಯ ಉತ್ಪನ್ನದ ಜಹಗೀರು ಕೊಡಲು ಮುಂದಾದ. ರಾಯರು ಕೇಳಿದ್ದು ಮಂಚಾಲೆ. ಅದು ಆಗ ಹೆಸರಿಲ್ಲದ, ಬೆಳೆ ಬಾರದ ಹಳ್ಳಿ. ಪ್ರಹ್ಲಾದರಾಜರು ಯಜ್ಞ ಮಾಡಿದ ನೆಲವೆಂಬುದು ಅವರು ಕೊಟ್ಟ ಕಾರಣ. ಗ್ರಾಮದೇವತೆ ಮಂಚಾಲಮ್ಮನ ಒಪ್ಪಿಗೆ ಪಡೆದು ಅಲ್ಲಿ ನೆಲೆಸಿದರು; ಇಂದಿಗೂ ಮೊದಲು ಅಮ್ಮನ ದರ್ಶನ, ಆಮೇಲೆ ರಾಯರ ದರ್ಶನ. ವೃಂದಾವನಕ್ಕೆ ಬೇಕಾದ ಕಲ್ಲನ್ನು ಮಾಧವರದಿಂದ ತರಿಸಿ, ಕೆಲಸವನ್ನು ನಿಂತು ಮಾಡಿಸಿದವನು ಅಕ್ಷರ ಬಾರದೆ ಅತ್ತಿದ್ದ ಅದೇ ವೆಂಕಣ್ಣ. 1671ರ ಶ್ರಾವಣ ಬಹುಳ ಬಿದಿಗೆಯಂದು ರಾಯರು ವೃಂದಾವನ ಪ್ರವೇಶ ಮಾಡಿದರು. ಆ ಶ್ರಾವಣದ ಪಾಡ್ಯ, ಬಿದಿಗೆ, ತದಿಗೆಗಳೇ ನಾವು ಆಚರಿಸುವ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ.

ಅಂದು ಹೊಳೆಯಾಚೆಯ ಬಿಚ್ಚಾಲೆಯಲ್ಲಿದ್ದ ಶಿಷ್ಯ ಅಪ್ಪಣ್ಣಾಚಾರ್ಯರಿಗೆ ಸುದ್ದಿ ತಡವಾಗಿ ಮುಟ್ಟಿತು. ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ಗುರುಗಳ ಸ್ತೋತ್ರ ಹೇಳುತ್ತಲೇ ದಾಟಿ ಬಂದರು. ಬರುವಷ್ಟರಲ್ಲಿ ಕೊನೆಯ ಕಲ್ಲು ಮುಚ್ಚಿತ್ತು. ದುಃಖಕ್ಕೆ ಗಂಟಲು ಕಟ್ಟಿ ಸ್ತೋತ್ರದ ಕೊನೆಯ ಮಾತು ಹೊರಡದೆ ನಿಂತುಹೋಯಿತು. ಉಳಿದ ಏಳು ಅಕ್ಷರಗಳು ವೃಂದಾವನದ ಒಳಗಿನಿಂದ ಕೇಳಿಬಂದವು. ಅದೇ ರೂಪದಲ್ಲಿ ನಾವು ಇಂದಿಗೂ ಆ ಸ್ತೋತ್ರವನ್ನು ಹೇಳುತ್ತೇವೆ. ಕವಿಯ ಕೈ ಸೋತಲ್ಲಿ ಗುರು ಕೈಹಿಡಿದರೆಂಬುದು ಭಕ್ತರ ನಂಬಿಕೆ. ಆದರೆ ಅಲ್ಲಿಯವರೆಗಿನ ಶ್ಲೋಕಗಳನ್ನು ಹೊಳೆಯ ನೀರಿನಲ್ಲಿ ನಿಂತು ಅಪ್ಪಣ್ಣಾಚಾರ್ಯರೇ ಹೇಳಬೇಕಾಗಿತ್ತು.

ಇದಾಗಿ ಹನ್ನೊಂದು ವರ್ಷಕ್ಕೆ, 1682ರಲ್ಲಿ, ಮಾನ್ವಿ ಕಡೆಯ ಚೀಕಲಪರವಿಯಲ್ಲಿ ದಾಸಪ್ಪನೆಂಬ ಹುಡುಗ ಹುಟ್ಟಿದ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಬಡತನವೆಂದರೆ ಹೊಟ್ಟೆಗಿಲ್ಲದ ಬಡತನ. ಹೇಳಿಕೊಳ್ಳುವಂಥ ವಿದ್ಯೆಯೂ ಇಲ್ಲ. ಅವಮಾನ ತಾಳದೆ ಊರು ಬಿಟ್ಟು ಅಲೆದು ಕಾಶಿ ಸೇರಿದ. ಅಲ್ಲಿ ಪುರಂದರದಾಸರು ಸ್ವಪ್ನದಲ್ಲಿ ಬಂದು ನಾಲಿಗೆಯ ಮೇಲೆ ಅಂಕಿತ ಬರೆದರಂತೆ. ಪುರಂದರದಾಸರ ಕೆಲಸವನ್ನು ಮುಂದುವರಿಸುವುದೆಂದರೆ ಸಾಮಾನ್ಯವೇ? ದಾಸರು 1564ರಲ್ಲೇ ಕಾಲವಾಗಿದ್ದರು, ದಾಸಪರಂಪರೆ ಕ್ಷೀಣವಾಗಿತ್ತು, ಪಂಡಿತರಿಗೆ ಕನ್ನಡದ ಪದಗಳೆಂದರೆ ಅಸಡ್ಡೆ. ದಾಸಪ್ಪ ವಿಜಯದಾಸರಾಗಿ ಮರಳಿ, ಊರೂರು ತಿರುಗಿ ಹಾಡಿದರು. ಅವರು ರಚಿಸಿದ ಪದ, ಸುಳಾದಿಗಳು 25,000 ಎಂದು ಸಂಪ್ರದಾಯದ ಲೆಕ್ಕ. ಅಷ್ಟಿರಲಿ ಬಿಡಲಿ, ಸಿಕ್ಕಿರುವ ಸುಳಾದಿಗಳನ್ನು ನೋಡಿದರೇ ಸಾಕು, ಓದಿಲ್ಲದವರ ಕೃತಿ ಇದು ಎಂದು ಯಾರೂ ಹೇಳಲಾರರು.

ಇದಕ್ಕೆ ತದ್ವಿರುದ್ಧವಾದವರು ಮಾನ್ವಿಯ ಶ್ರೀನಿವಾಸಾಚಾರ್ಯರು. ದೊಡ್ಡ ಸಂಸ್ಕೃತ ಪಂಡಿತರು, ಸಾಮರ್ಥ್ಯಕ್ಕೇನೂ ಕೊರತೆಯಿಲ್ಲ. ವಿಜಯದಾಸರು ಊಟಕ್ಕೆ ಕರೆಸಿದರೆ, ಕನ್ನಡದಲ್ಲಿ ಹಾಡುವವರ ಪಂಕ್ತಿಗೆ ಏಕೆ ಹೋಗಬೇಕೆಂದು ಹೊಟ್ಟೆನೋವಿನ ನೆಪ ಹೇಳಿದರು. ನೆಪದ ನೋವು ನಿಜವಾಗಿ ಅಂಟಿಕೊಂಡಿತು. ಕೊನೆಗೆ ದಾಸರ ಮೊರೆಹೋದಾಗ, ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷ ದಾನ ಕೊಟ್ಟು ಉಳಿಸಿದರಂತೆ. ಆ ಪಂಡಿತರೇ ಜಗನ್ನಾಥದಾಸರು. ಸಂಸ್ಕೃತದ ಎಲ್ಲ ಸಾರವನ್ನೂ ಕನ್ನಡದ ಷಟ್ಪದಿಗೆ ಇಳಿಸಿ ‘ಹರಿಕಥಾಮೃತಸಾರ’ ಬರೆದರು. ತನ್ನಿಂದಾಗದು ಎಂದವರನ್ನು ಎತ್ತಿ ನಿಲ್ಲಿಸುವುದಕ್ಕಿಂತ, ತನ್ನಿಂದಲೇ ಆಗುವುದು ಎಂದವರನ್ನು ಬಗ್ಗಿಸುವುದೇ ದೇವರಿಗೂ ಹೆಚ್ಚು ಕಷ್ಟದ ಕೆಲಸವೋ ಏನೋ.

ವಿಜಯದಾಸರು ಕೊನೆಗೆ ನೆಲೆಸಿದ್ದು ನಮ್ಮ ಆಲೂರು ಕಡೆಯ ಚಿಪ್ಪಗಿರಿಯಲ್ಲಿ. 1755ರ ಕಾರ್ತಿಕ ಶುದ್ಧ ದಶಮಿಯಂದು ಅಲ್ಲಿಯೇ ದೇಹ ಬಿಟ್ಟರು. ಪ್ರತಿ ವರ್ಷ ಆ ದಿನ ಅವರ ಕಟ್ಟೆಯ ಮುಂದೆ ಆರಾಧನೆ ನಡೆಯುತ್ತದೆ. ನಮ್ಮ ಮಕ್ಕಳೀಗ ಓದುವುದು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ದಾಸರ ಪದದ ಪುಸ್ತಕ ಕೊಟ್ಟರೆ ಅಕ್ಷರ ಕೂಡಿಸಲು ತಡವರಿಸುತ್ತಾರೆ. ಪದ ಬಲ್ಲವರು ಮನೆಯ ಅಜ್ಜಿಯರು. ಭಜನೆ ಕಲಿಸಿಕೊಡಿ ಎಂದು ಸಮಿತಿಯವರು ಅವರಲ್ಲಿಗೆ ಹೋದರೆ, ಸಾಲೆ ಕಟ್ಟೆ ಹತ್ತಿದವರಲ್ಲ ನಾವು, ನಮ್ಮಿಂದೇನಾದೀತಪ್ಪಾ ಎನ್ನುತ್ತಾರೆ. ಅದೇ ಅಜ್ಜಿಯರು ಕಾರ್ತಿಕದಲ್ಲಿ ಚಿಪ್ಪಗಿರಿಗೆ ಬಂದು ಕೂತರೆ ಪುಸ್ತಕ ನೋಡದೆ ಒಂದಾದ ಮೇಲೊಂದು ಪದ ಹಾಡುತ್ತಾರೆ. ಈ ವರ್ಷದಿಂದ ಪ್ರತಿ ಗುರುವಾರ ಸಂಜೆ ದೀಪ ಹಚ್ಚಿದ ಮೇಲೆ ದೇವಸ್ಥಾನದ ಪ್ರಾಂಗಣದಲ್ಲಿ ಮಕ್ಕಳಿಗೆ ಪದ ಹೇಳಿಕೊಡುವ ಏರ್ಪಾಡಾಗಿದೆ. ಇಬ್ಬರು ಅಜ್ಜಿಯರು ಬರಲು ಒಪ್ಪಿದ್ದಾರೆ.